ಗೆದ್ದವರು ಒಕ್ಲಹೋಮಾದವರು, ಸುದ್ದಿ ಮಾತ್ರ ಲೇಕರ್ಸ್‌ದು

ಪ್ರಶ್ನೆ: ಸರ್, ನಾನು ಮೂರು ವರ್ಷದಿಂದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದೇನೆ. ನನ್ನ ಮೆಚ್ಚಿನ ತಂಡ ಒಕ್ಲಹೋಮಾ ಸಿಟಿ ಥಂಡರ್. 2024-25ರಲ್ಲಿ ಅವರು 82ರಲ್ಲಿ 68 ಪಂದ್ಯ ಗೆದ್ದರು, ಕೊನೆಗೆ ಚಾಂಪಿಯನ್ ಕೂಡ ಆದರು. ಆದರೆ ಆ ವರ್ಷ ಅಮೆರಿಕದ ಯಾವ ಚರ್ಚಾ ಕಾರ್ಯಕ್ರಮ ಹಾಕಿದರೂ ಲಾಸ್ ಏಂಜಲೀಸ್‌ನ ಲೇಕರ್ಸ್, ನ್ಯೂಯಾರ್ಕ್‌ನ ನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊದ ವಾರಿಯರ್ಸ್ ಮಾತೇ. ಅಪ್ಪಿತಪ್ಪಿ ಥಂಡರ್ ಹೆಸರು ಬಂದರೆ 'ಬೋರು', 'ಫ್ರೀ ಥ್ರೋ ಗಿರಾಕಿಗಳು' (ಫೌಲ್ ಗಿಟ್ಟಿಸಿ ಉಚಿತ ಎಸೆತ ಪಡೆಯುವವರು), 'ರೇಟಿಂಗ್ ಬರಲ್ಲ' ಅನ್ನುವ ಮಾತು. ಇದು ನಿಜವಾಗಿಯೂ ಪಕ್ಷಪಾತವೇ, ಇಲ್ಲ ಅಭಿಮಾನಿಯ ಕಣ್ಣಿಗೆ ಹಾಗೆ ಕಾಣುತ್ತಾ? ರೆಫರಿಗಳೂ ಇದರಲ್ಲಿ ಶಾಮೀಲಾ?
– ಒಬ್ಬ ಓದುಗ, ಹಾಸನ

ಉತ್ತರ: ಅಭಿಮಾನಿಯ ಕಣ್ಣಿನ ಮೇಲೆ ನೀವೇ ಅನುಮಾನ ಪಟ್ಟಿದ್ದೀರಿ, ಹಾಗಾಗಿ ನನ್ನ ಕೆಲಸ ಸ್ವಲ್ಪ ಹಗುರವಾಯಿತು. ನಮ್ಮ ತಂಡದ ಬಗ್ಗೆ ಹತ್ತು ಒಳ್ಳೆಯ ಮಾತು ಬಂದರೂ ಮನಸ್ಸಿನಲ್ಲಿ ಉಳಿಯುವುದು ಹನ್ನೊಂದನೆಯ ಕೊಂಕು. ಲೇಕರ್ಸ್ ಅಭಿಮಾನಿಯನ್ನು ಕೇಳಿ ನೋಡಿ. 'ಮೀಡಿಯಾದವರಿಗೆ ನಮ್ಮನ್ನು ಕಂಡರೆ ಆಗಲ್ಲ' ಅಂತ ಅವನೂ ಗೊಣಗುತ್ತಾನೆ.

ಆದರೂ ನಿಮ್ಮ ದೂರಿನಲ್ಲಿ ಹುರುಳಿದೆ. ಅದನ್ನು ಪತ್ತೆ ಹಚ್ಚಲು ನಾನು ಒಂದು ಸಣ್ಣ ಉಪಾಯ ಬಳಸುತ್ತೇನೆ. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಅಂತ ಕಲಿತಿದ್ದೆವಲ್ಲ? ಪಂದ್ಯದ ಮರುದಿನದ ಸುದ್ದಿಯಲ್ಲಿ ಕರ್ತೃ ಯಾರು ಅಂತ ಹುಡುಕಿ. ದೊಡ್ಡ ಊರಿನ ತಂಡ ಗೆದ್ದರೆ ಅದೇ ಕರ್ತೃ: 'ಲೇಕರ್ಸ್ ಗೆದ್ದಿತು'. ಸೋತರೂ ಅದೇ ಕರ್ತೃ: 'ಲೇಕರ್ಸ್ ಎಡವಿತು', 'ಲೇಕರ್ಸ್ ಮುಂದೇನು ಮಾಡಬೇಕು?' ಗೆದ್ದ ಸಣ್ಣ ಊರಿನ ತಂಡಕ್ಕೆ ಒಮ್ಮೊಮ್ಮೆ ಕರ್ಮದ ಜಾಗವೂ ಸಿಗುವುದಿಲ್ಲ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಬೈದಿಲ್ಲ. ಗೆದ್ದವರು ಮಾತ್ರ ವಾಕ್ಯದಿಂದಲೇ ಜಾರಿಹೋಗಿರುತ್ತಾರೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ 2023ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್, ಅಂದರೆ ಪಶ್ಚಿಮ ಭಾಗದ ತಂಡಗಳ ಕೊನೆಯ ಸರಣಿ. ಇದರಲ್ಲಿ ಗೆದ್ದವರು ಎನ್‌ಬಿಎ ಫೈನಲ್ಸ್‌ಗೆ ಹೋಗುತ್ತಾರೆ. ಡೆನ್ವರ್ ನಗೆಟ್ಸ್ ಎದುರು ಲೇಕರ್ಸ್. ಡೆನ್ವರ್ ತೀರಾ ಸಣ್ಣ ಊರೇನಲ್ಲ, ಮಧ್ಯಮ ಅನ್ನಿ. ಮೊದಲ ಪಂದ್ಯವನ್ನು ಡೆನ್ವರ್ 132-126ರಿಂದ ಗೆದ್ದಿತು. ನಿಕೊಲಾ ಯೋಕಿಚ್ 34 ಅಂಕ, 21 ರಿಬೌಂಡ್, 14 ಅಸಿಸ್ಟ್ ಮಾಡಿದರು. ಅಂಥ ಆಟ ಪ್ಲೇಆಫ್‌ನಲ್ಲಿ ನೋಡಲು ಸಿಗುವುದು ಅಪರೂಪ. ಮರುದಿನದ ಚರ್ಚೆ ಏನಿತ್ತು ಗೊತ್ತಾ? ಕೊನೆಯ ಕ್ವಾರ್ಟರ್‌ನಲ್ಲಿ ಲೇಕರ್ಸ್‌ನ ರುಯಿ ಹಚಿಮುರಾ ಅವರನ್ನು ಯೋಕಿಚ್ ಅವರನ್ನು ತಡೆಯಲು ಬಿಟ್ಟಿದ್ದು ಕೆಲಸ ಮಾಡಿತು, ಲೇಕರ್ಸ್‌ಗೆ ದಾರಿ ಸಿಕ್ಕಿತು ಅನ್ನುವುದು. ಡೆನ್ವರ್ ಕೋಚ್ ಮೈಕೆಲ್ ಮಲೋನ್ ಎರಡನೇ ಪಂದ್ಯವನ್ನೂ ಗೆದ್ದ ಮೇಲೆ ಈ ಬಗ್ಗೆ ಬಹಿರಂಗವಾಗಿಯೇ ಸಿಡುಕಿದರು. ಸರಣಿ 4-0 ಆಯಿತು. ಆ ರಾತ್ರಿ ಡೆನ್ವರ್ ತನ್ನ ಇತಿಹಾಸದಲ್ಲಿ ಮೊದಲ ಸಲ ಎನ್‌ಬಿಎ ಫೈನಲ್ಸ್‌ಗೆ ಹೋಯಿತು. ಆದರೆ ಸೋತ ಲೇಕರ್ಸ್‌ನ ತಾರೆ ಲೆಬ್ರಾನ್ ಜೇಮ್ಸ್ ನಿವೃತ್ತಿಯ ಬಗ್ಗೆ ಯೋಚಿಸಬೇಕು ಅನ್ನುವ ಅರ್ಥದಲ್ಲಿ ಒಂದು ಮಾತು ಬಿಟ್ಟರು. ಮುಗಿಯಿತು. ಮದುವೆ ಮನೆಯಲ್ಲಿ ಗಂಡು-ಹೆಣ್ಣನ್ನು ಬಿಟ್ಟು ಮುನಿಸಿಕೊಂಡು ಹೊರಟ ಚಿಕ್ಕಪ್ಪನ ಹಿಂದೆ ಎಲ್ಲರೂ ಓಡಿದ ಹಾಗಾಯಿತು.

ಇನ್ನು ನಿಮ್ಮ ಥಂಡರ್. 2025ರ ಫೈನಲ್ಸ್ ದಿನಗಳನ್ನು ನೆನಪು ಮಾಡಿಕೊಳ್ಳಿ. ಒಂದು ಕಡೆ ಒಕ್ಲಹೋಮಾ ಸಿಟಿ, ಇನ್ನೊಂದು ಕಡೆ ಇಂಡಿಯಾನಾ ಪೇಸರ್ಸ್. ಎರಡೂ ಸಣ್ಣ ಮಾರ್ಕೆಟ್. ಜೂನ್ 5ಕ್ಕೆ ಮೊದಲ ಪಂದ್ಯ. ಅದಕ್ಕೆ ಎರಡು ದಿನ ಮೊದಲು, ಜೂನ್ 3ರಂದು, ನಿಕ್ಸ್ ತನ್ನ ಕೋಚ್ ಟಾಮ್ ಥಿಬೊಡೊ ಅವರನ್ನು ಮನೆಗೆ ಕಳಿಸಿತು. ಇಂಡಿಯಾನಾ ಕೈಲಿ ಸೋತು ಹೊರಬಿದ್ದ ತಂಡ ಅದು. ಆದರೂ ಎರಡು ದಿನ ಅದೇ ದೊಡ್ಡ ಸುದ್ದಿ. ಜೂನ್ 18ರಂದು, ಐದನೇ ಮತ್ತು ಆರನೇ ಪಂದ್ಯಗಳ ನಡುವೆ, ಮಾಲೀಕರಾದ ಬಸ್ ಕುಟುಂಬದವರು ಲೇಕರ್ಸ್‌ನ ಹೆಚ್ಚಿನ ಪಾಲನ್ನು ಮಾರುತ್ತಿದ್ದಾರೆ, ತಂಡದ ಬೆಲೆ ಸುಮಾರು 1,000 ಕೋಟಿ ಡಾಲರ್ ಅನ್ನುವ ಸುದ್ದಿ ಬಂತು. ಜೂನ್ 22ರಂದು ಏಳನೇ ಪಂದ್ಯ. ಆಟ ಶುರುವಾಗಲು ಕೆಲವೇ ಗಂಟೆ ಇರುವಾಗ ತಾರೆ ಕೆವಿನ್ ಡುರಾಂಟ್ ಹ್ಯೂಸ್ಟನ್ ತಂಡಕ್ಕೆ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಆದ ಸುದ್ದಿ.

ಇವು ಮೂರೂ ನಿಜವಾದ ಸುದ್ದಿಗಳೇ. ಲೇಕರ್ಸ್ ಮಾರಾಟವನ್ನು ಯಾವ ಸಂಪಾದಕ ತಾನೇ ಬಿಡುತ್ತಾನೆ? ನಾನಿದ್ದರೂ ಮುಖಪುಟಕ್ಕೇ ಹಾಕುತ್ತಿದ್ದೆ. ಹಾಗಾಗಿ ಪ್ರತಿಯೊಂದನ್ನೂ ಬಿಡಿಯಾಗಿ ಹಿಡಿದು 'ನೋಡಿ ಪಕ್ಷಪಾತ' ಅನ್ನಲು ಬರುವುದಿಲ್ಲ. ಆದರೆ ಅದೇ ಎರಡು ವಾರದಲ್ಲಿ ಆಟದ ಅಂಕಣದ ಒಳಗೆ ಏನು ನಡೆದಿತ್ತು ನೋಡಿ. ಮೊದಲ ಪಂದ್ಯದಲ್ಲಿ ಇಂಡಿಯಾನಾ ಒಂದು ಕ್ಷಣವೂ ಮುಂದಿರಲಿಲ್ಲ. ಇನ್ನು 0.3 ಸೆಕೆಂಡ್ ಉಳಿದಾಗ ಟೈರೀಸ್ ಹ್ಯಾಲಿಬರ್ಟನ್ ಬುಟ್ಟಿಗೆ ಹಾಕಿ 111-110ರಿಂದ ಗೆಲ್ಲಿಸಿದರು. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಅದೇ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ನೆಲಕ್ಕೆ ಕುಸಿದರು. ಥಂಡರ್ 103-91ರಿಂದ ಗೆದ್ದಿತು. ನಮ್ಮಲ್ಲಿ ಆಗ ಸೋಮವಾರ ಬೆಳಗ್ಗೆ. ಐದೂವರೆಗೆ ಕಾಫಿ ಲೋಟ ಹಿಡಿದು ಕೂತವನು ಏಳೇಕಾಲಾದರೂ ಅದನ್ನು ಕುಡಿದಿರಲಿಲ್ಲ.

ಹಾಗಾದರೆ 'ಮಾರ್ಕೆಟ್' ಅಂದರೆ ಏನು? ಇದು ಊರಿನ ಜನಸಂಖ್ಯೆ ಅಲ್ಲ. ನೀಲ್ಸನ್ ಸಂಸ್ಥೆ ಅಮೆರಿಕವನ್ನು 210 ಟಿವಿ ಮಾರ್ಕೆಟ್‌ಗಳಾಗಿ ಹಂಚಿ, ಒಂದೊಂದರಲ್ಲಿ ಎಷ್ಟು ಟಿವಿ ಮನೆಗಳಿವೆ ಅಂತ ಎಣಿಸುತ್ತದೆ. ನ್ಯೂಯಾರ್ಕ್ ಮೊದಲು, ಲಾಸ್ ಏಂಜಲೀಸ್ ಎರಡನೆಯದು, ಶಿಕಾಗೊ ಮೂರನೆಯದು. ಒಕ್ಲಹೋಮಾ ಸಿಟಿ ಬರುವುದು 45ರ ಆಚೆ. ನ್ಯೂಯಾರ್ಕ್‌ನಲ್ಲಿ ಅದರ ಸುಮಾರು ಹತ್ತು ಪಟ್ಟು ಟಿವಿ ಮನೆಗಳಿವೆ. ಇದರಲ್ಲಿ ಒಂದು ತಮಾಷೆಯೂ ಇದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಜನಸಂಖ್ಯೆಯಲ್ಲಿ ಅಮೆರಿಕದ ಏಳನೇ ದೊಡ್ಡ ನಗರ. ಆದರೆ ಸುತ್ತಮುತ್ತ ದೊಡ್ಡ ಪಟ್ಟಣಗಳಿಲ್ಲ. ಹಾಗಾಗಿ ಟಿವಿ ಲೆಕ್ಕದಲ್ಲಿ ಅದು 30ರ ಆಸುಪಾಸಿಗೆ ಇಳಿದುಬಿಡುತ್ತದೆ, 'ಸಣ್ಣ ಮಾರ್ಕೆಟ್' ಅನ್ನಿಸಿಕೊಳ್ಳುತ್ತದೆ.

ದುಡ್ಡಿನ ಕಥೆಯೂ ನೀವು ಅಂದುಕೊಂಡಷ್ಟು ನೇರವಾಗಿಲ್ಲ. ಎನ್‌ಬಿಎಯ ರಾಷ್ಟ್ರಮಟ್ಟದ ಟಿವಿ ಹಣ 30 ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. 2025-26ರಿಂದ ಡಿಸ್ನಿ, ಎನ್‌ಬಿಸಿ, ಅಮೆಜಾನ್ ಜೊತೆ 11 ವರ್ಷದ ಒಪ್ಪಂದ ಶುರುವಾಗಿದೆ. ಮೊತ್ತ ಸುಮಾರು 7,600 ಕೋಟಿ ಡಾಲರ್. ಅದರಲ್ಲಿ ಒಕ್ಲಹೋಮಾಕ್ಕೂ ಲೇಕರ್ಸ್‌ಗೂ ಒಂದೇ ಪಾಲು. ವ್ಯತ್ಯಾಸ ಇರುವುದು ಸ್ಥಳೀಯ ಟಿವಿ ಹಣದಲ್ಲಿ. ಲೇಕರ್ಸ್ 2012ರಿಂದ 20 ವರ್ಷಕ್ಕೆ ಮಾಡಿಕೊಂಡ ಸ್ಥಳೀಯ ಒಪ್ಪಂದದ ಮೊತ್ತ 300 ಕೋಟಿ ಡಾಲರ್ ಅಥವಾ ಅದಕ್ಕೂ ಮೇಲೆ ಅಂತ ಆಗ ವರದಿಯಾಗಿತ್ತು. ಸಣ್ಣ ಊರುಗಳು ಅಂಥದ್ದನ್ನು ಕನಸಿನಲ್ಲೂ ಕಾಣವು. ಥಂಡರ್, ಸ್ಯಾನ್ ಆಂಟೋನಿಯೊದ ಸ್ಪರ್ಸ್, ಪೇಸರ್ಸ್, ಮಿಲ್ವಾಕಿಯ ಬಕ್ಸ್ ಪಂದ್ಯಗಳನ್ನು ತೋರಿಸುತ್ತಿದ್ದ ಪ್ರಾದೇಶಿಕ ಚಾನೆಲ್‌ಗಳ ಕಂಪನಿ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಡೆನ್ವರ್‌ನದು ಇನ್ನೂ ವಿಚಿತ್ರ. ಅಲ್ಲಿನ ಸ್ಥಳೀಯ ಚಾನೆಲ್‌ಗೂ ದೊಡ್ಡ ಕೇಬಲ್ ಕಂಪನಿಗೂ 2019ರಲ್ಲಿ ಜಗಳವಾಗಿ, ವರ್ಷಗಟ್ಟಲೆ ಆ ಊರಿನ ಸಾವಿರಾರು ಮನೆಗಳಿಗೆ ತಮ್ಮ ತಂಡದ ಆಟವೇ ಬರುತ್ತಿರಲಿಲ್ಲ. ಮೂರು ಸಲ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದವನು ಪಕ್ಕದ ಬೀದಿಯಲ್ಲಿ ಆಡುತ್ತಿದ್ದಾನೆ, ಮನೆಯ ಟಿವಿಯಲ್ಲಿ ಅವನಿಲ್ಲ!

ಆದರೆ ಮಾತು ವಾಲುವುದಕ್ಕೆ ನಿಜವಾದ ಕಾರಣ ಇದಕ್ಕಿಂತ ಸರಳ. ಪಂದ್ಯದ ಹಕ್ಕಿಗೆ ದುಡ್ಡು ಸುರಿದ ಚಾನೆಲ್ಲೇ ಬೆಳಗ್ಗೆ ಎದ್ದು ಆ ಆಟದ ವಿಮರ್ಶೆ ಮಾಡುತ್ತದೆ. ಅಂಗಡಿಯವನೇ ರುಚಿ ನೋಡಿ ಹೇಳುವ ಹಾಗೆ. ಬೆಳಗಿನ ಚರ್ಚೆಗೆ ಬೇಕಾಗಿರುವುದು ಇಬ್ಬರು ಜೋರಾಗಿ ಕಿತ್ತಾಡುವ ವಿಷಯ. ಲೇಕರ್ಸ್ ಅಂದರೆ ಪ್ರೀತಿಸುವವರೂ ನೋಡುತ್ತಾರೆ, ಕಂಡರಾಗದವರೂ ನೋಡುತ್ತಾರೆ. ಥಂಡರ್ ಅಂದರೆ ಹೆಚ್ಚಿನವರಿಗೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ. ಎರಡೂ ಇಲ್ಲದ ಕಡೆ ಟಿವಿಗೆ ಕೆಲಸವಿಲ್ಲ. 2025ರ ಫೆಬ್ರವರಿಯಲ್ಲಿ ತಾರೆ ಲೂಕಾ ಡಾನ್ಚಿಚ್ ಲೇಕರ್ಸ್‌ಗೆ ಬಂದ ಮೇಲಂತೂ ಕೇಳಲೇಬೇಡಿ, ಉಳಿದ ಸೀಸನ್ ಪೂರ್ತಿ ಅವರದೇ ಮಾತು. ಆ ಲೇಕರ್ಸ್ ಮೊದಲ ಸುತ್ತಿನಲ್ಲೇ ಮಿನೆಸೋಟಾ ಕೈಲಿ 1-4ರಿಂದ ಸೋತು ಮನೆಗೆ ಹೋಯಿತು. ಆಮೇಲೆ ಅದು ಯಾಕೆ ಸೋತಿತು ಅಂತ ಚರ್ಚೆ.

ಈಗ ಸ್ಪರ್ಸ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಈ ವಿಷಯದಲ್ಲಿ ನನಗೆ ಪಾಠ ಕಲಿಸಿದ ತಂಡ ಅದೇ. 1999, 2003, 2005, 2007, 2014 – ಐದು ಚಾಂಪಿಯನ್‌ಶಿಪ್. 1999-2000ದಿಂದ 2016-17ರವರೆಗೆ ಸತತ 18 ಸೀಸನ್, ಪ್ರತಿ ಸಲವೂ 50 ಅಥವಾ ಹೆಚ್ಚು ಗೆಲುವು. ಒಬ್ಬನೇ ಕೋಚ್, ಗ್ರೆಗ್ ಪಾಪೊವಿಚ್. ಇಷ್ಟೆಲ್ಲ ಮಾಡಿದ ತಂಡಕ್ಕೆ ಸಿಕ್ಕ ಬಿರುದು 'ಬೋರು'. ಟಿವಿಯವರು ಒಂದು ಅಂಕಿ ತೋರಿಸುತ್ತಿದ್ದರು. 2007ರಲ್ಲಿ ಸ್ಪರ್ಸ್ ಕ್ಲೀವ್‌ಲ್ಯಾಂಡ್ ತಂಡವನ್ನು 4-0ಯಿಂದ ಸೋಲಿಸಿದ ಫೈನಲ್ಸ್‌ಗೆ ಸರಾಸರಿ ಸುಮಾರು 93 ಲಕ್ಷ ವೀಕ್ಷಕರು. ಅಲ್ಲಿಯವರೆಗಿನ ಅತಿ ಕಡಿಮೆ ರೇಟಿಂಗ್ ಅದು. ಅಲ್ಲಿಂದ 'ಸಣ್ಣ ಊರು ಬಂದರೆ ಜನ ನೋಡಲ್ಲ' ಅನ್ನುವುದು ವೇದವಾಕ್ಯವಾಯಿತು.

ನಿಜ ಹೇಳಬೇಕೆಂದರೆ ಆ ಫೈನಲ್ಸ್ ನೋಡುತ್ತಾ ನನಗೂ ತೂಕಡಿಕೆ ಬಂದಿತ್ತು. ಮೂರನೇ ಪಂದ್ಯ ಮುಗಿದಿದ್ದು 75-72ಕ್ಕೆ. ಇವತ್ತು ಅಷ್ಟು ಅಂಕ ಮೂರನೇ ಕ್ವಾರ್ಟರ್ ಮುಗಿಯುವ ಮೊದಲೇ ಆಗಿಬಿಡುತ್ತದೆ. ಹಾಗಾಗಿ ಬೋರು ಅಂದವರೆಲ್ಲ ದ್ವೇಷಿಗಳಲ್ಲ. ಆದರೆ ಆ ಕಾಲದಲ್ಲಿ ಹೆಚ್ಚುಕಮ್ಮಿ ಎಲ್ಲ ತಂಡಗಳೂ ಹಾಗೇ ನಿಧಾನಕ್ಕೆ ಆಡುತ್ತಿದ್ದವು. ಹಣೆಪಟ್ಟಿ ಮಾತ್ರ ಸ್ಯಾನ್ ಆಂಟೋನಿಯೊಗೆ ಅಂಟಿತು.

ಕಥೆ ಇರಲಿಲ್ಲವಾ? ಟಿಮ್ ಡಂಕನ್ ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದ ಹುಡುಗ, ಈಜುಗಾರ. 1989ರಲ್ಲಿ ಹ್ಯೂಗೊ ಚಂಡಮಾರುತ ಆ ದ್ವೀಪದ ದೊಡ್ಡ ಈಜುಕೊಳವನ್ನು ಹಾಳುಮಾಡಿತು. ಆಮೇಲೆ ಆತ ಬ್ಯಾಸ್ಕೆಟ್‌ಬಾಲ್ ಕಡೆ ತಿರುಗಿದರು. ಅರ್ಜೆಂಟೀನಾದ ಮನು ಜಿನೋಬಿಲಿಯನ್ನು ಸ್ಪರ್ಸ್ ಆರಿಸಿದ್ದು 57ನೇ ಆಯ್ಕೆಯಾಗಿ. ಅಂದರೆ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮ) ಮುಗಿದು ಜನ ಕುರ್ಚಿ ಮಡಚುವ ಹೊತ್ತಿಗೆ. ಅದೇ ಮನುಷ್ಯ 2004ರ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನೇ ಸೋಲಿಸಿ ಚಿನ್ನ ಗೆದ್ದ ತಂಡದ ನಾಯಕಮಣಿ. ಫ್ರಾನ್ಸ್‌ನ ಟೋನಿ ಪಾರ್ಕರ್ 28ನೇ ಆಯ್ಕೆ. ಮೂರು ಭೂಭಾಗದ ಮೂವರು, ಒಂದೇ ತಂಡ, ವರ್ಷಗಟ್ಟಲೆ ಜೊತೆಯಾಟ. ಇದರಲ್ಲಿ ಕಥೆ ಕಾಣದಿದ್ದರೆ ಕಣ್ಣು ಪರೀಕ್ಷೆ ಮಾಡಿಸಬೇಕು.

ಆದರೆ ಇನ್ನೊಂದು ಮಗ್ಗುಲೂ ಇದೆ. ಸ್ಪರ್ಸ್‌ನವರು ಕಥೆಯ ಬಾಗಿಲನ್ನು ತಾವೇ ಮುಚ್ಚಿಕೊಂಡಿದ್ದರು. ಪಂದ್ಯದ ನಡುವೆ ಮೈಕ್ ಹಿಡಿದು ಬಂದ ವರದಿಗಾರರಿಗೆ ಪಾಪೊವಿಚ್ ಎರಡು ಪದದಲ್ಲಿ ಉತ್ತರ ಕೊಟ್ಟು ಹೋಗುತ್ತಿದ್ದರು. 2016ರಲ್ಲಿ ಕೋಬಿ ಬ್ರಯಂಟ್ ಮತ್ತು ಡಂಕನ್ ಇಬ್ಬರೂ ನಿವೃತ್ತರಾದರು. ಇಬ್ಬರದೂ ಐದೈದು ಚಾಂಪಿಯನ್‌ಶಿಪ್. ಕೋಬಿಗೆ ಊರೂರಲ್ಲಿ ಬೀಳ್ಕೊಡುಗೆ, ಕೊನೆಯ ಪಂದ್ಯದಲ್ಲಿ 60 ಅಂಕ. ಡಂಕನ್ ಜುಲೈನಲ್ಲಿ ತಂಡದಿಂದ ಒಂದು ಪತ್ರಿಕಾ ಹೇಳಿಕೆ ಕೊಡಿಸಿ ಸುಮ್ಮನಾದರು. ಇದನ್ನು ಮಾಧ್ಯಮದ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ಆತನಿಗೇ ಅದು ಬೇಕಿರಲಿಲ್ಲ. ಇವರದೂ ಒಂದು ಥರದ ಹಾಸ್ಯ ಇತ್ತು ಅನ್ನಿ. 2012ರ ಮಾರ್ಚ್‌ನಲ್ಲಿ ಡಂಕನ್‌ಗೆ ವಿಶ್ರಾಂತಿ ಕೊಟ್ಟಾಗ, ಯಾಕೆ ಆಡಲಿಲ್ಲ ಅನ್ನುವ ಕಾಲಂನಲ್ಲಿ ಸ್ಪರ್ಸ್‌ನವರು ಗಾಯ ಅಂತ ಬರೆಯಿಸಲಿಲ್ಲ. 'ವಯಸ್ಸಾಗಿದೆ' ಅಂತ ಬರೆಯಿಸಿದರು.

ಅದೇ ವರ್ಷದ ನವೆಂಬರ್ 29ರ ಘಟನೆ ಇಡೀ ಕಥೆಯ ತಿರುಳು. ಸ್ಪರ್ಸ್ ಆರು ಪಂದ್ಯಗಳ ಪ್ರವಾಸದ ಕೊನೆಗೆ ಮಯಾಮಿಗೆ ಬಂದಿತ್ತು. ಪಂದ್ಯ ದೇಶದಾದ್ಯಂತ ಟಿಎನ್‌ಟಿ ಚಾನೆಲ್‌ನಲ್ಲಿ. ಪಾಪೊವಿಚ್ ಡಂಕನ್, ಪಾರ್ಕರ್, ಜಿನೋಬಿಲಿ, ಡ್ಯಾನಿ ಗ್ರೀನ್ ನಾಲ್ವರನ್ನೂ ವಿಮಾನ ಹತ್ತಿಸಿ ಮನೆಗೆ ಕಳಿಸಿಬಿಟ್ಟರು. ಎನ್‌ಬಿಎ ಕಮಿಷನರ್ ಡೇವಿಡ್ ಸ್ಟರ್ನ್ ಅದೇ ದಿನ ಅಭಿಮಾನಿಗಳ ಕ್ಷಮೆ ಕೇಳಿ, ಆಮೇಲೆ ತಂಡಕ್ಕೆ 2.5 ಲಕ್ಷ ಡಾಲರ್ ದಂಡ ಹಾಕಿದರು. ಉಳಿದ ಹುಡುಗರೇ ಆಡಿ ಹಾಲಿ ಚಾಂಪಿಯನ್ ಎದುರು 105-100ಕ್ಕೆ ಸೋತರು, ಅದೂ ಕೊನೆಯ ನಿಮಿಷದವರೆಗೆ ಬೆವರಿಳಿಸಿ. ಯಾವ ನಿಯಮ ಮುರಿದಿದ್ದಕ್ಕೆ ದಂಡ ಅನ್ನುವುದಕ್ಕೆ ಆಗ ಸರಿಯಾದ ನಿಯಮವೇ ಇರಲಿಲ್ಲ. ಆಟಗಾರರ ವಿಶ್ರಾಂತಿಗೆ ಬರಹದ ನಿಯಮ ಬಂದಿದ್ದು 2017ರಲ್ಲಿ. ಅಷ್ಟರಲ್ಲಿ ಸ್ಪರ್ಸ್ ಮಾಡಿದ್ದನ್ನೇ ಎಲ್ಲ ತಂಡಗಳೂ ಮಾಡತೊಡಗಿದ್ದವು. ಟಿವಿಗೆ ಕೊಟ್ಟ ಸರಕಿನಲ್ಲಿ ಕೊರತೆ ಬಿತ್ತು ಅನ್ನುವುದೇ ಆವತ್ತಿನ ಅಪರಾಧ. ಲೀಗ್, ಟಿವಿ, ಸುದ್ದಿ – ಮೂರರ ಗಂಟು ಇಷ್ಟು ಸ್ಪಷ್ಟವಾಗಿ ಕಂಡಿದ್ದು ನನಗೆ ಆವತ್ತೇ.

ಇನ್ನು ರೇಟಿಂಗ್ ಬರಲ್ಲ ಅನ್ನುವ ವಾದ. ಇದನ್ನು ನಾನು ಅಂಕಿಗಳ ಪಕ್ಕ ಇಟ್ಟು ನೋಡಿದ್ದೇನೆ, ಪೂರ್ತಿ ನಿಲ್ಲುವುದಿಲ್ಲ. 2024ರ ಫೈನಲ್ಸ್ ಬಾಸ್ಟನ್ ಮತ್ತು ಡಲ್ಲಾಸ್ ನಡುವೆ. ಎರಡೂ ದೊಡ್ಡ ಮಾರ್ಕೆಟ್. ಸರಾಸರಿ 1.13 ಕೋಟಿ ವೀಕ್ಷಕರು. ಮರುವರ್ಷ ಒಕ್ಲಹೋಮಾ-ಇಂಡಿಯಾನಾ: 1.03 ಕೋಟಿ. ಟಿವಿ ಮನೆಗಳ ವ್ಯತ್ಯಾಸಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಸರಣಿ ಏಳು ಪಂದ್ಯಕ್ಕೆ ಹೋಗಿದ್ದರಿಂದ ಸರಾಸರಿ ಸ್ವಲ್ಪ ಏರಿತು ಅನ್ನುವುದು ಸರಿ. ಏಳನೇ ಪಂದ್ಯವನ್ನು 1.64 ಕೋಟಿ ಜನ ನೋಡಿದರು. ಒಳ್ಳೆಯ ಆಟ ಇದ್ದರೆ ಊರು ಯಾವುದು ಅಂತ ಜನ ಕೇಳಲಿಲ್ಲ ಅಂತಲೇ ಇದರ ಅರ್ಥ, ಅಲ್ವಾ? ಸ್ಪರ್ಸ್‌ನದೇ ಲೆಕ್ಕ ನೋಡಿ. 2007ರಲ್ಲಿ 93 ಲಕ್ಷ ತಂದ ಅದೇ ತಂಡ 2013ರಲ್ಲಿ ಮಯಾಮಿ ಎದುರು ಏಳು ಪಂದ್ಯ ಆಡಿದಾಗ ಸರಾಸರಿ 1.77 ಕೋಟಿ. ಇತಿಹಾಸದಲ್ಲೇ ಅತಿ ಹೆಚ್ಚು ಜನ ನೋಡಿದ 1998ರ ಫೈನಲ್ಸ್‌ನ ಒಂದು ಬದಿಯಲ್ಲಿ ಇದ್ದದ್ದು ಯೂಟಾ ಜಾಝ್. ಸಣ್ಣ ಊರೇ. ಇನ್ನೊಂದು ಬದಿಯಲ್ಲಿ ಮೈಕೆಲ್ ಜೋರ್ಡನ್ ಇದ್ದರು, ಆ ಮಾತು ಬೇರೆ. 2020ರಲ್ಲಿ ಲೇಕರ್ಸ್ ಗೆದ್ದ ಫೈನಲ್ಸ್‌ಗೆ 75 ಲಕ್ಷ. 2007ರ ದಾಖಲೆಯನ್ನೂ ಮುರಿದ ಕನಿಷ್ಠ. ಕೋವಿಡ್, ಅಕ್ಟೋಬರ್ ತಿಂಗಳು, ಖಾಲಿ ಕ್ರೀಡಾಂಗಣ ಅಂತ ಕಾರಣ ಕೊಟ್ಟರು. ಕಾರಣಗಳು ಸರಿಯೇ. ಸಣ್ಣ ಊರಿಗೆ ರೇಟಿಂಗ್ ಬಿದ್ದರೆ ಇಷ್ಟು ತಾಳ್ಮೆಯಿಂದ ಯಾರೂ ಕಾರಣ ಹುಡುಕುವುದಿಲ್ಲ, ನನ್ನ ತಕರಾರು ಅಷ್ಟೇ.

ಮಾರ್ಕೆಟ್‌ಗಿಂತ ನಕ್ಷತ್ರ ದೊಡ್ಡದು ಅನ್ನುವುದಕ್ಕೆ ಕ್ರಿಸ್‌ಮಸ್ ದಿನದ ಪಂದ್ಯಗಳನ್ನು ನೋಡಿ. ಎನ್‌ಬಿಎಗೆ ಅದು ನಮ್ಮ ದೀಪಾವಳಿ ಸಿನಿಮಾ ಬಿಡುಗಡೆ ಇದ್ದ ಹಾಗೆ. ಐದೇ ಪಂದ್ಯ. 2023-24ರಲ್ಲಿ ಥಂಡರ್ 57 ಪಂದ್ಯ ಗೆದ್ದು ಪಶ್ಚಿಮದಲ್ಲಿ ಮೊದಲ ಸ್ಥಾನ ಪಡೆದಿತ್ತು. 2024ರ ಕ್ರಿಸ್‌ಮಸ್‌ಗೆ ಅದಕ್ಕೆ ಜಾಗ ಸಿಗಲಿಲ್ಲ. ಅದೇ ಸೀಸನ್‌ನಲ್ಲಿ ಬರೀ 22 ಪಂದ್ಯ ಗೆದ್ದಿದ್ದ ಸ್ಪರ್ಸ್‌ಗೆ ಜಾಗ ಸಿಕ್ಕಿತು, ಅದೂ ನ್ಯೂಯಾರ್ಕ್‌ನಲ್ಲಿ! ಯಾಕೆಂದರೆ ಸ್ಪರ್ಸ್‌ನಲ್ಲಿ ಯುವ ತಾರೆ ವಿಕ್ಟರ್ ವೆಂಬನ್ಯಾಮಾ ಇದ್ದಾರೆ. ಆ ದಿನ ಅವರು 42 ಅಂಕ ಹೊಡೆದು ಟಿವಿಯವರ ಲೆಕ್ಕಾಚಾರ ಸರಿ ಅಂತಲೂ ತೋರಿಸಿದರು. ಹಾಗಾಗಿ ಹುಷಾರಾಗಿ ಮಾತಾಡಬೇಕು. ಸಣ್ಣ ಊರಿನ ಮೇಲೆ ಹಗೆ ಇದ್ದರೆ ಸ್ಪರ್ಸ್ ಅಲ್ಲಿರುತ್ತಿರಲಿಲ್ಲ. ಪೆಟ್ಟು ಬೀಳುವುದು ಸದ್ದಿಲ್ಲದೆ ಗೆಲ್ಲುವ ಸಣ್ಣ ಊರಿಗೆ. ಚಾಂಪಿಯನ್ ಆದ ಮೇಲೆ, 2025ರ ಕ್ರಿಸ್‌ಮಸ್‌ಗೆ, ಥಂಡರ್‌ಗೂ ಜಾಗ ಬಂತು. ಎದುರಾಳಿ ಯಾರು? ವೆಂಬನ್ಯಾಮಾ.

ನಿಮ್ಮ ವಾದಕ್ಕೆ ವಿರುದ್ಧವಾದ ದೊಡ್ಡ ಸಾಕ್ಷಿ ಎಂವಿಪಿ ಪ್ರಶಸ್ತಿ. ಅದಕ್ಕೆ ಮತ ಹಾಕುವವರು ಇದೇ ಮಾಧ್ಯಮದ ಸುಮಾರು ನೂರು ಜನ. 2019ರಿಂದ 2025ರವರೆಗಿನ ಏಳು ಪ್ರಶಸ್ತಿಗಳಲ್ಲಿ ಎರಡು ಮಿಲ್ವಾಕಿಯ ಯಾನಿಸ್ ಅಂಟೆಟೊಕೂಂಪೊಗೆ, ಮೂರು ಡೆನ್ವರ್‌ನ ಯೋಕಿಚ್‌ಗೆ, ಒಂದು ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್‌ಗೆ, ಒಂದು ನಿಮ್ಮ ಶೇ ಗಿಲ್ಜಸ್-ಅಲೆಕ್ಸಾಂಡರ್‌ಗೆ. ಲೇಕರ್ಸ್ ಆಟಗಾರನಿಗೆ ಎಂವಿಪಿ ಕೊಟ್ಟಿದ್ದು 2008ರಲ್ಲಿ, ಕೋಬಿಗೆ. ನಿಕ್ಸ್ ಆಟಗಾರನಿಗೆ 1970ರಲ್ಲಿ, ವಿಲ್ಲಿಸ್ ರೀಡ್‌ಗೆ. ಅಂದರೆ ಪೆನ್ನು ಹಿಡಿದು ಮತ ಹಾಕುವಾಗ ಇದೇ ಜನ ಆಟ ನೋಡಿಯೇ ಹಾಕುತ್ತಾರೆ. ಮೈಕ್ ಹಿಡಿದಾಗ ಮಾತ್ರ ಬೇರೆ ಮನುಷ್ಯರಾಗುತ್ತಾರೆ.

ಆದರೆ ಆ ಮತಕ್ಕೆ ದುಡ್ಡು ಕಟ್ಟಿದಾಗ ಕಥೆ ಗಂಭೀರವಾಗುತ್ತದೆ. 2017ರಿಂದ, ವರ್ಷದ ಅತ್ಯುತ್ತಮ 15 ಆಟಗಾರರ ಆಲ್-ಎನ್‌ಬಿಎ ಪಟ್ಟಿಗೆ ಬಂದವರಿಗೆ ಅವರ ತಂಡ ತುಂಬಾ ದೊಡ್ಡ ಒಪ್ಪಂದ ಕೊಡಬಹುದು. ಸಣ್ಣ ಊರುಗಳು ತಮ್ಮ ತಾರೆಯನ್ನು ಉಳಿಸಿಕೊಳ್ಳಲಿ ಅಂತಲೇ ಮಾಡಿದ ನಿಯಮ. ಪಟ್ಟಿ ಮಾಡುವವರು ಮಾಧ್ಯಮದವರು. ಆ ವರ್ಷ ಇಂಡಿಯಾನಾದ ಪಾಲ್ ಜಾರ್ಜ್ ಪಟ್ಟಿಯಲ್ಲಿ ಬರಲಿಲ್ಲ. ಇಂಡಿಯಾನಾ ಕೈಲಿದ್ದ ದೊಡ್ಡ ಅಸ್ತ್ರ ಹೋಯಿತು. ಆತನಿಗೆ ಹೇಗೂ ಲೇಕರ್ಸ್ ಮೇಲೆ ಮನಸ್ಸಿತ್ತು ಅನ್ನಿ. ಬೇಸಿಗೆಯಲ್ಲಿ ಆತನನ್ನು ಒಕ್ಲಹೋಮಾಕ್ಕೆ ಟ್ರೇಡ್ ಮಾಡಿದರು.

ಈ ಟ್ರೇಡ್‌ನ ಮುಂದಿನ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇಂಡಿಯಾನಾಗೆ ಬದಲಿಗೆ ಬಂದವರಲ್ಲಿ ಡೊಮಂಟಾಸ್ ಸಬೋನಿಸ್ ಒಬ್ಬರು. 2022ರಲ್ಲಿ ಅವರನ್ನು ಸ್ಯಾಕ್ರಮೆಂಟೊಗೆ ಕೊಟ್ಟು ಹ್ಯಾಲಿಬರ್ಟನ್‌ರನ್ನು ತಂದರು. ಇತ್ತ ಒಕ್ಲಹೋಮಾ 2019ರಲ್ಲಿ ಪಾಲ್ ಜಾರ್ಜ್‌ರನ್ನು ಲಾಸ್ ಏಂಜಲೀಸ್‌ನ ಇನ್ನೊಂದು ತಂಡ ಕ್ಲಿಪರ್ಸ್‌ಗೆ ಕೊಟ್ಟು ಶೇ ಅವರನ್ನೂ ಒಂದು ರಾಶಿ ಡ್ರಾಫ್ಟ್ ಆಯ್ಕೆಗಳನ್ನೂ ಪಡೆಯಿತು. ಅದರಲ್ಲಿ ಒಂದು ಆಯ್ಕೆಯೇ ಥಂಡರ್‌ನ ಇನ್ನೊಬ್ಬ ತಾರೆ ಜೇಲೆನ್ ವಿಲಿಯಮ್ಸ್. ಅಂದರೆ 2025ರ ಫೈನಲ್ಸ್ ಆಡಿದ ಎರಡೂ ತಂಡಗಳ ಬೇರು ಬಿಟ್ಟುಹೋದ ಒಬ್ಬನೇ ಆಟಗಾರನಲ್ಲಿತ್ತು. ಎರಡು ಸಣ್ಣ ಊರುಗಳು, ದೊಡ್ಡ ಊರಿನ ಆಸೆಯ ಒಬ್ಬ ತಾರೆ, ಆತ ಹೋದ ಮೇಲೆ ಎರಡೂ ಊರು ಉದ್ಧಾರ. ಬರೆದವರು ಬರೆದರು, ಇಲ್ಲವೆನ್ನುವುದಿಲ್ಲ. ಆದರೆ ಆ ವಾರ ಡುರಾಂಟ್ ಎಲ್ಲಿಗೆ ಹೋಗುತ್ತಾರೆ ಅನ್ನುವ ಊಹಾಪೋಹಕ್ಕೆ ಸಿಕ್ಕಿದ್ದರ ಕಾಲು ಭಾಗ ಗಮನವೂ ಇದಕ್ಕೆ ಸಿಕ್ಕಂತೆ ನನಗೆ ಕಾಣಲಿಲ್ಲ.

ಇಲ್ಲಿಗೆ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಚಾಳಿಗೆ ಬಂದೆ. ಸಣ್ಣ ಊರಿನಲ್ಲಿ ಒಬ್ಬ ತಾರೆ ಹುಟ್ಟಿದ ಕೂಡಲೇ 'ಯಾವಾಗ ಬಿಡುತ್ತಾನೆ?' ಅನ್ನುವ ಪ್ರಶ್ನೆ. ಯಾನಿಸ್ ಎರಡನೇ ಎಂವಿಪಿ ಗೆದ್ದ ವರ್ಷ ಕೇಳಿದ್ದೆಲ್ಲ ಅದೇ. ಆತ 2020ರ ಡಿಸೆಂಬರ್‌ನಲ್ಲಿ ಮಿಲ್ವಾಕಿಯಲ್ಲೇ ಐದು ವರ್ಷಕ್ಕೆ ಸಹಿ ಹಾಕಿದರು. ಮುಂದಿನ ಜುಲೈನಲ್ಲಿ ಫೈನಲ್ಸ್‌ನ ಆರನೇ ಪಂದ್ಯದಲ್ಲಿ 50 ಅಂಕ ಹೊಡೆದು ಊರಿಗೆ ಕಪ್ ತಂದರು. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಅದೇ ಪ್ರಶ್ನೆ. ಸಣ್ಣ ಊರು ಅಂದರೆ ಹಾಸ್ಟೆಲ್, ದೊಡ್ಡ ಊರು ಅಂದರೆ ಸ್ವಂತ ಮನೆ ಅನ್ನುವ ಧಾಟಿ. ಇದನ್ನು ಹತ್ತು ವರ್ಷ ದಿನಾ ಕೇಳಿದ ಹುಡುಗನ ಮೇಲೂ, ಅವನ ಏಜೆಂಟ್ ಮೇಲೂ ಏನೂ ಪರಿಣಾಮ ಆಗುವುದಿಲ್ಲ ಅಂತ ನಾನು ನಂಬಲಾರೆ.

'ಫ್ರೀ ಥ್ರೋ ಗಿರಾಕಿ' ಅನ್ನುವ ಮಾತಿಗೆ ಚುಟುಕಾಗಿ ಹೇಳುತ್ತೇನೆ. 2024-25ರಲ್ಲಿ ಶೇ ಪಂದ್ಯಕ್ಕೆ ಸುಮಾರು 9 ಫ್ರೀ ಥ್ರೋ ಎಸೆದರು. ಯಾನಿಸ್ 10ಕ್ಕೂ ಜಾಸ್ತಿ. ಫೌಲ್ ಗಿಟ್ಟಿಸುವ ಕಲೆ ಶೇಗೆ ಚೆನ್ನಾಗಿ ಗೊತ್ತು, ಅದು ಎಲ್ಲರಿಗೂ ಇಷ್ಟವಾಗಬೇಕಿಲ್ಲ. ಆದರೆ ಇದು ಊರಿನ ಪ್ರಶ್ನೆಯಲ್ಲ. ಇದೇ ಬೈಗುಳವನ್ನು ಹ್ಯೂಸ್ಟನ್‌ನಲ್ಲಿದ್ದಾಗ ಜೇಮ್ಸ್ ಹಾರ್ಡನ್ ತಿಂದರು, ಫಿಲಡೆಲ್ಫಿಯಾದಲ್ಲಿ ಎಂಬೀಡ್ ತಿಂದರು.

ರೆಫರಿಗಳು? ಈ ಅನುಮಾನಕ್ಕೆಲ್ಲ ಮೂಲ 2002ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್‌ನ ಆರನೇ ಪಂದ್ಯ. ಸ್ಯಾಕ್ರಮೆಂಟೊ ಕಿಂಗ್ಸ್ ಎದುರು ಲೇಕರ್ಸ್. ಕೊನೆಯ ಕ್ವಾರ್ಟರ್ ಒಂದರಲ್ಲೇ ಲೇಕರ್ಸ್‌ಗೆ 27 ಫ್ರೀ ಥ್ರೋ. 106-102ರಿಂದ ಗೆದ್ದರು, ಮುಂದೆ ಸರಣಿಯನ್ನೂ ಗೆದ್ದರು. 2008ರಲ್ಲಿ, ಬೆಟ್ಟಿಂಗ್ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ ಮಾಜಿ ರೆಫರಿ ಟಿಮ್ ಡಾನಹಿ ಅಂಥ ಒಂದು ಸರಣಿಯನ್ನು ರೆಫರಿಗಳು ಬೇಕೆಂದೇ ಏಳನೇ ಪಂದ್ಯದವರೆಗೆ ಎಳೆದಿದ್ದರು ಅಂತ ಆರೋಪ ಮಾಡಿದ. ಲೀಗ್ ಅದನ್ನು ತಳ್ಳಿಹಾಕಿತು, ಸಾಬೀತೂ ಆಗಲಿಲ್ಲ. ಆ ಪಂದ್ಯದ ತೀರ್ಪುಗಳು ಕೆಟ್ಟದಾಗಿದ್ದವು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅದರಿಂದ ಒಂದು ಪಿತೂರಿಯನ್ನು ಕಟ್ಟಲು ನಾನು ತಯಾರಿಲ್ಲ. ಲೀಗ್‌ಗೆ ಅಷ್ಟು ಕೈಚಳಕ ಇದ್ದಿದ್ದರೆ 2025ರಲ್ಲಿ ಒಕ್ಲಹೋಮಾ-ಇಂಡಿಯಾನಾ ಫೈನಲ್ಸ್ ನಡೆಯುತ್ತಲೇ ಇರಲಿಲ್ಲ. ಅಂದಹಾಗೆ, ಎನ್‌ಬಿಎ ಭಾರತಕ್ಕೆ ಮೊದಲ ಸಲ ಪಂದ್ಯ ತಂದಾಗ, 2019ರ ಅಕ್ಟೋಬರ್‌ನಲ್ಲಿ ಮುಂಬೈಗೆ, ಬಂದವರು ಯಾರು ಗೊತ್ತಾ? ಇದೇ ಕಿಂಗ್ಸ್ ಮತ್ತು ಪೇಸರ್ಸ್. ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಮುಂಬೈನಲ್ಲಿ ಹುಟ್ಟಿದವರು.

ನೀವು ಮಾಡಬಹುದಾದದ್ದು ಒಂದಿದೆ. ಥಂಡರ್ ಬಗ್ಗೆ ತಿಳಿಯಲು ರಾಷ್ಟ್ರೀಯ ಚಾನೆಲ್‌ನ ಬೆಳಗಿನ ಜಗಳ ನೋಡಬೇಡಿ. ಒಕ್ಲಹೋಮಾ ಸಿಟಿಯ ದಿನಪತ್ರಿಕೆ 'ದಿ ಒಕ್ಲಹೋಮನ್' ಓದಿ. ತಂಡದ ಜೊತೆ ಊರೂರು ತಿರುಗುವ ವರದಿಗಾರರು ಬರೆದದ್ದನ್ನು ಓದಿ. ಆ ಊರಿಗೆ ಬೇರೆ ಯಾವ ಆಟದ ದೊಡ್ಡ ಲೀಗ್ ತಂಡವೂ ಇಲ್ಲ. ಹಾಗಾಗಿ ಬೆಂಚಿನ ಕೊನೆಯ ಹುಡುಗನ ಮೊಣಕಾಲು ನೋವೂ ಅಲ್ಲಿ ಸುದ್ದಿ. ಪ್ರತಿ ವಾಕ್ಯದಲ್ಲೂ ಥಂಡರ್ರೇ ಕರ್ತೃ. ಒಂದು ತಿಂಗಳು ಓದಿ, ಆಮೇಲೆ ನನಗೆ ಬರೆಯಿರಿ. ಲೇಕರ್ಸ್ ಅನ್ನುವ ತಂಡ ಒಂದಿದೆ ಅನ್ನುವುದೇ ನಿಮಗೆ ಮರೆತುಹೋಗಿರುತ್ತದೆ.